ವಲ್ಲಿಯೊಳಗಿನ ಪಗಾರ

ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು ಬಟ್ಟೆಯನ್ನಲ್ಲ, ಮೊಣಕಾಲನ್ನು. ನಾನು ಸೇರಿದಾಗ ಗದಗದ ನಮ್ಮ ಅಂಗಡಿಯಲ್ಲಿ ನೆಲದ ತುಂಬ ಬಿಳಿ ಹೊದಿಕೆಯ ಗಾದಿ ಹಾಸಿರುತ್ತಿತ್ತು. ಗಿರಾಕಿಗಳು ಕೂತು ನೋಡುತ್ತಿದ್ದರು, ನಾವು ಕೂತು ತೋರಿಸುತ್ತಿದ್ದೆವು. ಕಪಾಟಿನ ಮೇಲಿನ ಸೀರೆ ಬೇಕೆಂದರೆ ಏಳಬೇಕು, ತಂದು ಮತ್ತೆ ಕೂರಬೇಕು. ಆಮೇಲೆ ಸಾಹುಕಾರರ ಮಗ ಗಾದಿ ತೆಗೆಸಿ ಉದ್ದನೆಯ ಕೌಂಟರ್ ಮಾಡಿಸಿದ. ಅಲ್ಲಿಂದ ದಿನವಿಡೀ ನಿಲ್ಲುವ ಕೆಲಸ. ಗಾದಿಯ ಕಾಲದಲ್ಲಿ ಮೊಣಕಾಲು ನೋಯುತ್ತಿತ್ತು, ಕೌಂಟರಿನ ಕಾಲದಲ್ಲಿ ಹಿಮ್ಮಡಿ. ಸುಧಾರಣೆ ಬಂದಾಗ ನೋವು ಸ್ವಲ್ಪ ಕೆಳಗಿಳಿಯುತ್ತದೆ, ಅಷ್ಟೆ.

ನಾನು ಹೋದ ವರ್ಷ ಕೆಲಸ ಬಿಟ್ಟೆ. ಈಗ ಬೆಟಗೇರಿಯ ನಮ್ಮ ಓಣಿಯ ಇಬ್ಬರು ಹುಡುಗಿಯರು ಒಂದು ದೊಡ್ಡ ಸೀರೆ ಅಂಗಡಿಗೆ ಸೇರಿದ್ದಾರೆ. "ಈರಣ್ಣ ಕಾಕಾ, ಈ ಕೆಲಸ ಹೆಂಗಿರತೈತಿ, ಖರೆ ಖರೆ ಹೇಳ್ರಿ" ಎಂದು ಕೇಳಿದರು. ಹೇಳಲು ಕೂತರೆ ಎಲ್ಲ ಸಂಗತಿಗಳೂ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು. ಸಾಲಾಗಿ ಬಂದವು ಎಂಬುದಕ್ಕೇ ನನಗೆ ಅನುಮಾನ. ಅಂಗಡಿಯಲ್ಲಿ ನಡೆದದ್ದು ಯಾವುದೂ ಮಡಿಸಿಟ್ಟ ಸೀರೆಯ ಹಾಗೆ ಇರಲಿಲ್ಲ. ಬಿಚ್ಚಿ ಹರಡಿ ರಾಶಿ ಬಿದ್ದ ಸೀರೆಗಳ ಹಾಗೆ ಇತ್ತು. ಹಾಗಾಗಿ ನೆನಪು ತೀರಾ ನೀಟಾಗಿ ಕಂಡ ಕಡೆಯಲ್ಲೆಲ್ಲ ನನ್ನ ಅನುಮಾನವನ್ನೂ ಬರೆದಿದ್ದೇನೆ.

ಸೀರೆ ವಿಭಾಗದಲ್ಲಿ ನಾವು ಮೂವರು. ಹಿರಿಯ ಗಂಗಣ್ಣ, ದಪ್ಪ ಮೀಸೆಯವನು, ದಿನಾ ಮುಳಗುಂದದಿಂದ ಬಸ್ಸಿನಲ್ಲಿ ಬರುತ್ತಿದ್ದ. ನನ್ನ ಓರಗೆಯ ಮೌಲಾಸಾಬ ಬೆಟಗೇರಿಯವನೇ. ಮೂರನೆಯವನು ನಾನು, ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಿಂದ ಬಂದು ಬೆಟಗೇರಿಯಲ್ಲಿ ಬಾಡಿಗೆಗೆ ಇದ್ದವನು.

ಮೊದಲ ತಪ್ಪು ಶಿರಹಟ್ಟಿ ಕಡೆಯ ಒಂದು ಮದುವೆ ಜವಳಿಯಲ್ಲಿ ಆಯಿತು. ನಮ್ಮ ಕಡೆ ಮದುವೆಯ ಬಟ್ಟೆ ಖರೀದಿಗೆ ಎರಡೂ ಕಡೆಯವರು ಕೂಡಿಯೇ ಬರುತ್ತಾರೆ, ಒಂದು ಟೆಂಪೋ ತುಂಬ. ಗಂಡಿನವರು ಹೆಣ್ಣಿನವರಿಗೆ ತೆಗೆಯುತ್ತಾರೆ, ಹೆಣ್ಣಿನವರು ಗಂಡಿನವರಿಗೆ. ಉಡುವವರು ಒಬ್ಬರು, ರೊಕ್ಕ ಕೊಡುವವರು ಇನ್ನೊಬ್ಬರು, ಇಬ್ಬರೂ ಒಂದೇ ಗಾದಿಯ ಮೇಲೆ. ಚಂದವನ್ನು ಉಡುವವರಿಗೆ ಹೇಳಬೇಕು, ದರವನ್ನು ಕೊಡುವವರ ಕಿವಿಗೆ ಮಾತ್ರ ಹೇಳಬೇಕು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹುಡುಗನ ತಾಯಿ ಬೀಗಿತಿಗೆಂದು ಒಂದು ಹಸಿರು ಸೀರೆ ಎತ್ತಿಕೊಂಡರು. ನಾನು ಉಮೇದಿನಿಂದ, "ಛಲೋ ಆರಿಸಿದ್ರಿ ಅಮ್ಮಾರ, ಈ ರಾಶಿಯೊಳಗ ಎಲ್ಲಾಕ್ಕಿಂತ ಕಡಿಮಿ ರೇಟಿಂದು ಇದ" ಎಂದೆ.

ಬೀಗಿತಿ ಪಕ್ಕದಲ್ಲೇ ಕೂತಿದ್ದರು.

"ಕೇಳಿದ್ರೇನ್ರಿ?" ಎಂದರು ತಮ್ಮ ಗಂಡನಿಗೆ. "ಹುಡುಕಿ ಹುಡುಕಿ ಕಡಿಮೀದು ತಗದಾರಂತ ನನಗ."

"ನಾ ಎಲ್ಲಿ ಹುಡುಕೀನವಾ? ಕೈಗೆ ಸಿಕ್ಕಿದ್ದು ಹಿಡದೀನಿ" ಎಂದರು ಹುಡುಗನ ತಾಯಿ.

"ಹಂಗಾರ ಕೈಗೂ ಗೊತ್ತೈತಿ ನೋಡ್ರಿ, ಎಷ್ಟರದು ಹಿಡೀಬೇಕಂತ."

ಯಾರೋ ಟೆಂಪೋ ತಿರುಗಿಸಲು ಹೇಳಿದರು. ಆಗ ಗಂಗಣ್ಣ ಎದ್ದ. ಅದೇ ಹಸಿರು ಸೀರೆಯನ್ನು ಧೋತರದ ಮೇಲೆಯೇ ಸುತ್ತಿ, ನಿರಿಗೆ ಹಿಡಿದು ಸಿಕ್ಕಿಸಿ, ತಲೆಯ ಮೇಲೆ ಸೆರಗು ಹೊದ್ದು, ಮೀಸೆಯ ಕೆಳಗೆ ಒಂದಿಷ್ಟು ನಾಚಿಕೆ ತಂದುಕೊಂಡು ಗಾದಿಯ ಈ ತುದಿಯಿಂದ ಆ ತುದಿಗೆ ನಡೆದ. "ಯಕ್ಕಾರ, ಈ ಮಾರಿಗೇ ಇಷ್ಟು ಒಪ್ಪೇತಿ. ನಿಮ್ಮ ಮಾರಿಗೆ ಒಪ್ಪಂಗಿಲ್ಲಂದ್ರ ಹೇಳ್ರಿ, ನಾ ಇದನ್ನ ಉಟಗೊಂಡ ಮುಳಗುಂದದ ಬಸ್ ಹತ್ತತೀನಿ." ಬೀಗಿತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಕೊನೆಗೆ ಅದೇ ನಮೂನೆಯವು ಎರಡು ಹೋದವು, ಬೀಗಿತಿಯರಿಬ್ಬರಿಗೂ ಒಂದೊಂದು.

ಹೀಗೆಂದು ನನ್ನ ನೆನಪು. ಸೀರೆ ಹಸಿರಲ್ಲ, ನೀಲಿ ಎನ್ನುತ್ತಾನೆ ಗಂಗಣ್ಣ. ಅದನ್ನು ಉಟ್ಟವನು ತಾನು ಎನ್ನುತ್ತಾನೆ ಮೌಲಾಸಾಬ. ವರ್ಷಗಟ್ಟಲೆ ಒಟ್ಟಿಗೆ ದುಡಿದು ಮೂವರೂ ಒಬ್ಬರ ಕಥೆಯನ್ನು ಇನ್ನೊಬ್ಬರು ಉಟ್ಟುಕೊಂಡಿದ್ದೇವೆ. ಈಗ ಉಟ್ಟು ತೋರಿಸಲು ಬೊಂಬೆಗಳು ಬಂದಿವೆ. ಬೊಂಬೆಗೆ ಸೀರೆ ಚೆನ್ನಾಗಿ ಒಪ್ಪುತ್ತದೆ. ಜಗಳ ಬಿಡಿಸಲು ಬರುವುದಿಲ್ಲ.

ಇನ್ನು ಪಗಾರದ ಮಾತು. ಅಂಕಿ ಬರೆದರೆ ಈಗಿನವರಿಗೆ ಅರ್ಥವಾಗುವುದಿಲ್ಲ, ಆಗಿನವರಿಗೆ ಗೊತ್ತೇ ಇದೆ. ಹೀಗೆ ಹೇಳುತ್ತೇನೆ: ಮನೆ ಬಾಡಿಗೆ, ಜೋಳ, ಎಣ್ಣೆ, ಮಗಳ ಶಾಲೆ, ಈ ನಾಲ್ಕರಲ್ಲಿ ಮೂರಕ್ಕೆ ಸಾಲುತ್ತಿತ್ತು. ಆ ತಿಂಗಳು ಹೊರಗುಳಿಯುವ ನಾಲ್ಕನೆಯದು ಯಾವುದು ಎಂಬುದು ಮಾತ್ರ ಬದಲಾಗುತ್ತಿತ್ತು. ಎಣ್ಣೆಯ ಸರದಿ ಬಂದಾಗ ಹಸಿ ಖಾರದ ಚಟ್ನಿ, ಜೋಳದ ಸರದಿ ಬಂದಾಗ ರೇಷನ್ ಅಕ್ಕಿಯ ಅನ್ನ. ಬಾಡಿಗೆಯ ಸರದಿ ಬಂದಾಗ ನಾನು ಹಿತ್ತಲ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಿದ್ದೆ.

ಸಾಹುಕಾರರು ಪ್ರತಿ ದೀಪಾವಳಿಗೆ ಅಂಗಿಯ ಬಟ್ಟೆ ಕೊಡುತ್ತಿದ್ದರು, ಹೊಲಿಗೆ ನಮ್ಮದು. ಹೊಲಿಸುವ ರೊಕ್ಕಕ್ಕೆ ಬಜಾರಿನಲ್ಲಿ ಸಿದ್ಧ ಅಂಗಿಯೇ ಸಿಗುತ್ತಿತ್ತು. ಹೀಗಾಗಿ ಬಟ್ಟೆ ಅಂಗಡಿಯಲ್ಲಿ ದುಡಿಯುವ ನನಗೆ ಬಟ್ಟೆಯ ಕೊರತೆ ಇರಲಿಲ್ಲ, ಅಂಗಿಯ ಕೊರತೆ ಇತ್ತು. ನನ್ನ ಹೆಂಡತಿ ಶಾಂತಾ ಆ ತುಂಡುಗಳನ್ನು ಕೈಹೊಲಿಗೆಯಲ್ಲೇ ಬಳಕೆಗೆ ತಂದಳು. ನಮ್ಮ ಮನೆಯ ಪರದೆ, ದಿಂಬಿನ ಚೀಲ, ರೊಟ್ಟಿ ಬುಟ್ಟಿಯ ಮುಚ್ಚಿಗೆ ಎಲ್ಲವೂ ಶರ್ಟಿನ ಬಟ್ಟೆ. ಬೇಸಿಗೆಯಲ್ಲಿ ಪರದೆ ಹಾರಾಡಿದಾಗ ಯಾರೋ ದೊಡ್ಡ ಅಧಿಕಾರಿ ಒಳಗೆ ಬಂದಂತೆ ಕಾಣುತ್ತಿತ್ತು.

ಶಾಂತಾ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಓಣಿಯ ನೇಕಾರರ ಮನೆಗಳಿಗೆ, ಒಂದು ಖಾನಾವಳಿಗೆ ನಿತ್ಯ ಹೋಗುತ್ತಿದ್ದವು. ಆ ಗಳಿಕೆಯನ್ನು ನಾನು 'ಮೇಲಿನ ಖರ್ಚಿಗೆ' ಎನ್ನುತ್ತಿದ್ದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಆಕೆ ಕೇಳಿರಲಿಲ್ಲ.

ಈಗ ಪಗಾರ ಬ್ಯಾಂಕಿಗೆ ಹೋಗುತ್ತದೆ, ಫೋನಿಗೆ ಸಂದೇಶ ಬರುತ್ತದೆ. ನಮ್ಮ ಕಾಲದಲ್ಲಿ ಅದು ವಲ್ಲಿಯೊಳಗೆ ತೀರ್ಮಾನವಾಗುತ್ತಿತ್ತು. ಸಾಹುಕಾರರ ಮನೆತನ ಮೊದಲು ಹತ್ತಿ ವ್ಯಾಪಾರದ್ದು. ಹತ್ತಿ ಪೇಟೆಯಲ್ಲಿ, ದನದ ಸಂತೆಯಲ್ಲಿ ದರ ಕುದುರಿಸುವಾಗ ಹೆಗಲ ಮೇಲಿನ ವಲ್ಲಿಯನ್ನು ಎರಡು ಕೈಗಳ ಮೇಲೆ ಹಾಸಿ, ಕೆಳಗೆ ಬೆರಳು ಹಿಡಿದು ಲೆಕ್ಕ ಹೇಳುತ್ತಾರಲ್ಲ, ಅದೇ ಪದ್ಧತಿಯನ್ನು ಅವರು ಬಟ್ಟೆ ಅಂಗಡಿಗೂ ತಂದಿದ್ದರು. ದೀಪಾವಳಿ ಪಾಡ್ಯದ ದಿನ, ಪೂಜೆ ಮುಗಿದ ಮೇಲೆ, ಅಂಗಡಿಯ ಹೊಸ ವರ್ಷದ ಮೊದಲ ಕೆಲಸವೇ ಇದು. ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ವಲ್ಲಿ ಹಾಸುವುದು. ಒಂದು ಬೆರಳೆಂದರೆ ತಿಂಗಳ ಪಗಾರದಲ್ಲಿ ನೂರು ರೂಪಾಯಿ ಏರಿಕೆ. ಬಾಯಿಂದ ಅಂಕಿ ಆಡುವಂತಿಲ್ಲ. ಮಾತು ಮುಗಿಯುವ ಮೊದಲು ಯಾರೂ ಕೈ ಹೊರಗೆ ತೆಗೆಯುವಂತಿಲ್ಲ. ತೆಗೆದರೆ ವ್ಯವಹಾರ ಮುರಿದಂತೆ, ಪಾಡ್ಯದ ದಿನ ಮುರಿದರೆ ಇಡೀ ವರ್ಷ ಕೆಟ್ಟಂತೆ. ಸಾಹುಕಾರರು ಅದನ್ನು ಮನಸಾರೆ ನಂಬಿದ್ದರು.

ಪ್ರತಿ ವರ್ಷ ಅವರು ನನ್ನ ಒಂದು ಬೆರಳು ಹಿಡಿಯುತ್ತಿದ್ದರು. ಆಮೇಲೆ ದೊಡ್ಡ ಉಸಿರು ಬಿಟ್ಟು ಇನ್ನೊಂದು ಬೆರಳು ಹಿಡಿದು, ಕಿವಿಯ ಹತ್ತಿರ ಬಂದು ಹೇಳುತ್ತಿದ್ದರು: "ಉಳಿದವರಿಗೆ ಒಂದ. ನಿನಗ ಅಷ್ಟ ಎರಡು. ಯಾರ ಮುಂದೂ ಬಾಯಿ ಬಿಡಬ್ಯಾಡೋ ಈರಣ್ಣಾ, ಅವರ ಹೊಟ್ಟಿ ಉರದೀತು."

ನಾನು ಬಾಯಿ ಬಿಡಲಿಲ್ಲ. ಆದರೆ ನನಗಿಂತ ಕಡಿಮೆ ಪಗಾರದ ಗಂಗಣ್ಣನನ್ನೂ ಮೌಲಾನನ್ನೂ ನೋಡಿದಾಗ ನನ್ನ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಮುಳಗುಂದ ನಾಕಾದ ಹತ್ತಿರ ಒಬ್ಬ ಅಜ್ಜನ ಗಿರ್ಮಿಟ್ ಅಂಗಡಿ ಇತ್ತು, ಖಾರದ ಮಂಡಕ್ಕಿಯ ಜೊತೆ ಬಿಸಿ ಮಿರ್ಚಿ. ಸಂಜೆ ಅಲ್ಲಿಗೆ ಹೋದಾಗ ನಾನೇ ಮುಂದಾಗಿ ರೊಕ್ಕ ಕೊಡುತ್ತಿದ್ದೆ. ವಿಚಿತ್ರವೆಂದರೆ ಅವರೂ ಬಿಡುತ್ತಿರಲಿಲ್ಲ. "ನೀ ಇರೋ, ನಾ ಕೊಡ್ತೀನಿ" ಎಂದು ಗಂಗಣ್ಣ ನನ್ನ ಕೈ ಹಿಡಿಯುವುದು, ಮೌಲಾ ನಮ್ಮಿಬ್ಬರ ಕಂಕುಳಲ್ಲಿ ಕೈ ತೂರಿಸಿ ನೋಟು ಚಾಚುವುದು. ಮಿರ್ಚಿಯ ತಟ್ಟೆಯ ಮೇಲೆ ಮೂವರ ಆರು ಕೈ. ಎಂಥ ಒಳ್ಳೆಯ ಮಂದಿ, ಇಲ್ಲದಿದ್ದರೂ ಕೊಡುತ್ತಾರೆ ಎಂದು ನಾನು ಕರಗಿಹೋಗುತ್ತಿದ್ದೆ.

ಒಂದು ವರ್ಷ ದಸರೆಯ ಹೊತ್ತಿಗೆ ಮನೆಯ ಮಾಲಕಿ ನೀಲವ್ವಾಯಿ ಬಂದು ಕಟ್ಟೆಯ ಮೇಲೆ ಕೂತರು. "ಪಾಡ್ಯದಿಂದ ಬಾಡಿಗಿ ನಾಕನೂರ ಏರಸಾಕತ್ತೀನಿ ಈರಣ್ಣಾ. ಆಗೂದಿಲ್ಲಂದ್ರ ಹಬ್ಬಾ ಮುಗಿಸಿ ಖಾಲಿ ಮಾಡ್ರಿ, ನನ್ನ ತಂಗಿ ಮಗಾ ಕೇಳಾಕತ್ತಾನ." ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವರು ಶಾಂತಾ ಕೊಟ್ಟ ರೊಟ್ಟಿ ತಿನ್ನುತ್ತ ನಿಧಾನವಾಗಿ ಹೇಳಿದರು.

ಓಣಿಯಲ್ಲಿ ಅದಕ್ಕಿಂತ ಕಡಿಮೆಗೆ ಮನೆ ಇರಲಿಲ್ಲ. ಮನೆ ಬಿಟ್ಟರೆ ಹಿರೇವಡ್ಡಟ್ಟಿಗೆ ಹೋಗಬೇಕು. ಅಲ್ಲಿಂದ ಮುಂಡರಗಿಗೆ ಒಂದು ಬಸ್ಸು, ಮುಂಡರಗಿಯಿಂದ ಗದಗಕ್ಕೆ ಇನ್ನೊಂದು. ಅಂಗಡಿ ತೆರೆಯುವ ಹೊತ್ತಿಗೆ ಮುಟ್ಟುವಂತಿಲ್ಲ, ಮುಟ್ಟಿದರೂ ಅರ್ಧ ಪಗಾರ ಬಸ್ಸಿಗೇ. ಅಂದರೆ ಕೆಲಸ ಹೋದಂತೆ. ಶಾಂತಾಳ ರೊಟ್ಟಿಯ ಗಿರಾಕಿಗಳು ಹೋದಂತೆ. ಮಗಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸಬೇಕು. ನನಗೆ ಬೇಕಾಗಿದ್ದದ್ದು ನಾಲ್ಕು ಬೆರಳು. ಸಿಗುವುದು ಎರಡು.

ಖರ್ಚು ಎಲ್ಲಿ ಕಡಿಮೆ ಮಾಡುವುದು ಎಂದು ನಾವಿಬ್ಬರೂ ಮಾತಾಡುತ್ತ ಕೂತೆವು. ಶಾಂತಾ ಹೇಳಿದಳು, "ಮೊದಲ ಆ ಗಿರ್ಮಿಟ್ ತಿನಸೂದು ಬಿಡ್ರಿ."

"ಹಂಗನಬ್ಯಾಡ. ಪಾಪ, ಅವರಿಗೆ ನನಗಿಂತ ಪಗಾರ ಕಡಿಮಿ."

ಶಾಂತಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಯಾರಂದ್ರು?"

"ಸಾಹುಕಾರ್ರ ಅಂದಾರ. ನೀ ಯಾರ ಮುಂದೂ ಹೇಳಬ್ಯಾಡ ಮತ್ತ."

"ಮೌಲಾಸಾಬರ ಹೇಣ್ತಿ ನಿನ್ನಿ ಹಿಟ್ಟಿನ ಗಿರಣ್ಯಾಗ ಏನಂದ್ರು ಗೊತ್ತೇನು? ಪಾಪ, ನಿಮ್ಮ ಮನಿಯವರಿಗೆ ಪಗಾರ ಕಡಿಮೀರಿ, ಅದಕ್ಕ ನಮ್ಮವರ ದಿನಾ ಗಿರ್ಮಿಟ್ ತಿನಸ್ತಾರಂತ ಅಂದ್ರು. ನನಗ ಸಿಟ್ಟ ಬಂತು, ಖರೆ. ಆದರ ಗಿರಣಿ ಸಪ್ಪಳದಾಗ ಜಗಳಾಡಿದರ ಕೇಳಸಂಗಿಲ್ಲಂತ ಸುಮ್ಮನ ಬಂದೆ."

ಈ ಮಾತು ಒಳಗಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಶಾಂತಾಳಿಗೆ ಬೇಕಾಗಲಿಲ್ಲ. ಅವಳು ಆಗಲೇ ನಗಲು ಶುರುಮಾಡಿದ್ದಳು.

ಮರುದಿನ ಸಂಜೆ ಗಿರ್ಮಿಟ್ ತಿಂದಾದ ಮೇಲೆ ನಾನು ಕಿಸೆಗೆ ಕೈ ಹಾಕಲಿಲ್ಲ. "ಗಂಗಣ್ಣಾ, ಮೌಲಾ, ಹೋದ ಪಾಡ್ಯಕ್ಕ ಸಾಹುಕಾರ್ರು ಎಷ್ಟು ಬೆರಳ ಹಿಡದ್ರು, ಒಮ್ಮಿಗೇ ತೋರಿಸೂಣು" ಎಂದೆ. ಗಂಗಣ್ಣ ಬಾಯಲ್ಲಿ ಮೆಣಸಿನಕಾಯಿ ಸಿಕ್ಕವನ ಹಾಗೆ ಸುತ್ತ ನೋಡಿದ. "ಏನ ಹಚ್ಚೀಯಲೇ ಈರ್ಯಾ? ಅದು ಹೇಳೂದಲ್ಲ." ಮೌಲಾ ಮಾತ್ರ ಕೈ ಎತ್ತಿದ. ಆಮೇಲೆ ಗಂಗಣ್ಣ. ಬಯಲಿನಲ್ಲಿ, ವಲ್ಲಿ ಇಲ್ಲದೆ, ಮೂರು ಕೈ, ಮೂರರಲ್ಲೂ ಎರಡೆರಡು ಬೆರಳು.

"ಹಂಗಾರ ಇಷ್ಟು ವರ್ಷ ನಾ ನಿಮಗ ಯಾಕ ತಿನಿಸಿದೆ?" ಎಂದ ಗಂಗಣ್ಣ.

"ನಾ ನಿಮಗ ಯಾಕ ತಿನಿಸಿದೆ?" ಎಂದ ಮೌಲಾ.

ಅಜ್ಜ ಮಿರ್ಚಿ ಕರಿಯುವ ಜಾಲರಿ ಹಿಡಿದು ನಿಂತಿದ್ದ. "ದಿನಾ ಕೊಡಾಕ ಹೊಡದಾಡ್ತಿದ್ರಿ. ಇವತ್ತ ಒಬ್ಬಾರೂ ಕಿಸೇಕ್ಕ ಕೈ ಹಾಕವಲ್ರಿ. ಯಾರರ ಸತ್ತಾರೇನ್ರಿ?"

ಮೂವರಿಗೂ ನಗೆ ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ನನ್ನ ಬಾಡಿಗೆಯ ಸಂಗತಿ ಹೇಳಿದೆ. ಗಂಗಣ್ಣನ ಬಸ್ ದರವೂ ಏರಿತ್ತು, ಮೌಲಾನ ತಾಯಿಯ ಔಷಧಿಯೂ. ಪಾಡ್ಯದ ದಿನ ಮೂವರೂ ಒಟ್ಟಿಗೆ ಒಳಕೋಣೆಗೆ ಹೋಗುವುದು ಎಂದು ಮಾತಾಯಿತು. ಗಂಗಣ್ಣ ಹಿಂದೆಮುಂದೆ ನೋಡಿದ. "ನನಗ ವಯಸ್ಸಾಗೇತಿ. ತಗದ ಹಾಕಿದರ ಯಾರ ಇಟಗೋತಾರಲೇ?"

"ಮೂರೂ ಮಂದೀನ ತಗದರ ಸೀರಿ ಯಾರ ಉಟ್ಟ ತೋರಸ್ತಾರ?" ಎಂದ ಮೌಲಾ. "ಸಾಹುಕಾರ್ರು ಉಡ್ತಾರೇನು?"

ಸಾಹುಕಾರರು ಇಳಕಲ್ ಸೀರೆ ಉಟ್ಟದ್ದನ್ನು ಕಲ್ಪಿಸಿಕೊಂಡು ಗಂಗಣ್ಣ ಒಪ್ಪಿದ. ಧೈರ್ಯ ಬಂದದ್ದು ಆ ಚಿತ್ರದಿಂದಲೇ, ಬೇರೆ ಯಾವ ವಿಚಾರದಿಂದಲೂ ಅಲ್ಲ. ಇದರ ಬಗ್ಗೆ ಮಾತ್ರ ನಮ್ಮ ಮೂವರ ನೆನಪೂ ಒಂದೇ ಇದೆ.

ಪಾಡ್ಯದ ಮುಂಜಾನೆ ಪೂಜೆ ಆಯಿತು. ಸಾಹುಕಾರರು ಒಳಕೋಣೆಯ ಗಾದಿಯ ಮೇಲೆ ಕೂತು, "ಗಂಗಣ್ಣಾ, ಬಾ" ಎಂದರು. ಮೂವರೂ ಹೋಗಿ ಮುಂದೆ ಕೂತೆವು. ಅವರು ನಮ್ಮನ್ನು ನೋಡದೆ ರೂಢಿಯ ಪ್ರಕಾರ ಕೈ ಚಾಚಿ ಮೇಲೆ ವಲ್ಲಿ ಹಾಸಿದರು. ಮೂರು ಕೈ ಒಳಗೆ ಹೋದವು.

ಸಾಹುಕಾರರ ಮುಖ ಬದಲಾಯಿತು. "ಇದ್ಯಾರ ಕೈಯೋ?"

"ನಂದ್ರಿ" ಎಂದೆವು ಮೂವರೂ.

ಕೈ ಹೊರಗೆ ತೆಗೆಯುವಂತಿರಲಿಲ್ಲ, ಪಾಡ್ಯ. ಅವರು ವಲ್ಲಿಯ ಕೆಳಗಿನ ಕತ್ತಲಲ್ಲಿ ತಡಕಾಡಿ ಎರಡು ಬೆರಳು ಹಿಡಿದರು. ಅದರಲ್ಲಿ ಒಂದು ಗಂಗಣ್ಣನದು, ಒಂದು ನನ್ನದು. "ನನಗ ಏನೂ ಬರಲಿಲ್ರಿ" ಎಂದ ಮೌಲಾ. ಸಾಹುಕಾರರು ಅವನನ್ನು ಹುಡುಕಿ ಹೋದರೆ ಗಂಗಣ್ಣ ತಪ್ಪಿಹೋದ. ನಾವು ಮೊದಲೇ ಮಾತಾಡಿಕೊಂಡಂತೆ ಸಿಕ್ಕಷ್ಟು ಕಡೆಯಿಂದ ಅವರ ಇಡೀ ಕೈಯನ್ನೇ ಹಿಡಿದುಕೊಂಡೆವು: ತಲಾ ಐದು ಬೇಕೆಂದು. ಅವರ ಐದು ಬೆರಳು ಮೂವರಲ್ಲಿ ಹಂಚಿಹೋದವು. ಹೆಬ್ಬೆರಳು ಸಿಕ್ಕದ್ದು ನನಗೆ.

"ಒಬ್ಬೊಬ್ಬರ ಬರ್ರೆಪಾ. ಇದು ವ್ಯವಹಾರ ಮಾಡೂ ರೀತಿ ಅಲ್ಲ."

"ಒಬ್ಬೊಬ್ಬರ ಬಂದದ್ದಕ್ಕ ಇಷ್ಟು ವರ್ಷ ಗಿರ್ಮಿಟ್ ಅಜ್ಜ ಶ್ರೀಮಂತ ಆದ್ರಿ" ಎಂದ ಗಂಗಣ್ಣ. ಸಾಹುಕಾರರಿಗೆ ಅರ್ಥವಾಗಲಿಲ್ಲ, ಅಥವಾ ಪೂರ್ತಿ ಅರ್ಥವಾಯಿತು.

ಅಷ್ಟರಲ್ಲಿ ಹೊರಗೆ ಗಿರಾಕಿ. ಲಕ್ಷ್ಮೇಶ್ವರದ ಒಂದು ಮನೆಯವರು, ಮುಂದೆ ಒಬ್ಬ ಅಜ್ಜಿ. ಪಾಡ್ಯದ ಬೋಣಿಗೆ. ಆ ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂಬುದು ಸಾಹುಕಾರರ ಇನ್ನೊಂದು ನಂಬಿಕೆ. "ಕುಂಡ್ರಿ ಅಮ್ಮಾ, ಬಂದ್ರು, ಬಂದ್ರು" ಎಂದು ಕೂಗಿದರು. ಯಾರೂ ಹೋಗಲಿಲ್ಲ. ಸೀರೆ ತೋರಿಸುವ ಮೂರು ಬಲಗೈಗಳೂ ವಲ್ಲಿಯೊಳಗಿದ್ದವು.

ಅಜ್ಜಿ ಒಳಕೋಣೆಯ ಬಾಗಿಲಿಗೇ ಬಂದು ನೋಡಿತು. "ಎತ್ತು ಎಲ್ಲಿ ಕಟ್ಟೀರಿ?"

"ಎತ್ತಲ್ಲ ಅಮ್ಮಾ, ಇದು ಬ್ಯಾರೆ..."

"ವಲ್ಲಿ ಹಾಸೇರಿ, ಎತ್ತಿಲ್ಲಂತೀರಿ." ಅಜ್ಜಿ ನಮ್ಮ ಮೂವರನ್ನು ಸಾವಕಾಶ ನೋಡಿತು. "ಓಹೋ, ಇವರ ಏನು? ಹಲ್ಲ ನೋಡಿ ಹಿಡೀರಿ ಸಾಹುಕಾರ್ರ, ಆ ಮೀಸಿಯವಂಗ ವಯಸ್ಸಾಗೇತಿ." ಆಮೇಲೆ ಮನೆಯವರ ಕಡೆ ತಿರುಗಿ, "ಇವರದು ಜಲ್ದಿ ಮುಗ್ಯಾಂಗಿಲ್ಲ. ಎದರಿಗಿನ ಅಂಗಡಿ ತಗದೈತಿ, ನಡೀರಿ" ಎಂದಿತು.

ಒಂದು ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ಸಾಹುಕಾರರ ಹೆಬ್ಬೆರಳು ನನ್ನ ಮುಷ್ಟಿಯಲ್ಲಿ ಬೆವರಿತು. ನನ್ನ ಕೈ ಮೊದಲೇ ಬೆವರಿತ್ತು. ಈಗ ಬಿಟ್ಟುಬಿಡೋಣ, ಎರಡಕ್ಕೇ ಒಪ್ಪೋಣ ಎಂದು ನನಗೂ ಅನ್ನಿಸಿತು. ಬಿಡಲಿಲ್ಲ. ಏಕೆಂದರೆ ನನ್ನ ಕೈಯ ಮೇಲೆ ಗಂಗಣ್ಣನ ಕೈ ಇತ್ತು, ತೆಗೆಯಲು ಬರುತ್ತಿರಲಿಲ್ಲ.

"ನಾಕೋ!" ಎಂದು ಸಾಹುಕಾರರು ಬಾಯಿ ಬಿಟ್ಟೇ ಕೂಗಿದರು. "ಮೂರೂ ಮಂದಿಗೆ ನಾಕು ನಾಕು. ಏಳ್ರಪ್ಪಾ, ಆಕಿ ಹೊಂಟ್ಲು!"

ಆ ಅಂಗಡಿಯಲ್ಲಿ ಪಗಾರದ ಅಂಕಿ ಬಾಯಿಂದ ಬಂದದ್ದು ಅದೇ ಮೊದಲು. ಗಂಗಣ್ಣ ಓಡಿ ಅಜ್ಜಿಯನ್ನು ಮೆಟ್ಟಿಲ ಮೇಲೆ ಹಿಡಿದ. ಅಜ್ಜಿ ಒಂಬತ್ತು ಗಜದ ಸೀರೆ ತೆಗೆದುಕೊಂಡಿತು, ಚೌಕಾಸಿ ಮಾಡಿ ಸಾಹುಕಾರರ ಕೈಲಿ ಇನ್ನಷ್ಟು ಬಿಡಿಸಿತು. ಸಾಹುಕಾರರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, "ನನ್ನ ಅಂಗಡ್ಯಾಗ ನನ್ನನ್ನ ಹಿಡಿದು ಮಾರಿದ್ರಲ್ಲೋ" ಎಂದರು. ನಗುತ್ತ ಹೇಳಿದರು ಎಂದು ನನ್ನ ನೆನಪು. ನಗಲಿಲ್ಲ ಎನ್ನುತ್ತಾನೆ ಮೌಲಾ. ಮುಂದಿನ ವರ್ಷಗಳಲ್ಲಿ ವಲ್ಲಿ ಹಾಸಲಿಲ್ಲ. ಮೂವರನ್ನೂ ಕೂರಿಸಿ ಬಾಯಲ್ಲೇ ಮಾತಾಡಿದರು. ನಾಲ್ಕು ಮತ್ತೆಂದೂ ಸಿಗಲಿಲ್ಲ. ಆದರೆ ಎಷ್ಟು ಸಿಕ್ಕಿತು ಎಂಬುದು ಮೂವರಿಗೂ ಗೊತ್ತಿತ್ತು.

ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೆ: ಮದುವೆ ಜವಳಿಯಲ್ಲಿ ದರವನ್ನು ಮೆಲ್ಲಗೆ ಹೇಳಿ. ನಿಮ್ಮ ಪಗಾರವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳಿ.

ಆ ದಿನ ಮಧ್ಯಾಹ್ನ ಮನೆಗೆ ಓಡಿಬಂದೆ. ಓಣಿಯ ತಿರುವಿಗೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಹಬ್ಬ ಮುಗಿದರೆ ಮನೆ ಖಾಲಿ ಮಾಡಬೇಕಾದ ಶಾಂತಾ ಡಬ್ಬಿ ಕಟ್ಟಿಲ್ಲ, ಪಾತ್ರೆ ಇಳಿಸಿಲ್ಲ. ಎರಡು ಬುಟ್ಟಿ ರೊಟ್ಟಿ ಮುಗಿಸಿ ಮೂರನೆಯದು ಶುರು ಮಾಡಿದ್ದಳು. ಒಂದು ಮದುವೆ ಮನೆಯ ಆರ್ಡರ್ ಹಿಡಿದಿದ್ದಳು, ಮುಂದಿನ ತಿಂಗಳದ್ದು. ನೀಲವ್ವಾಯಿಗೆ ಹಿಂದಿನ ದಿನವೇ ಹೇಳಿಬಿಟ್ಟಿದ್ದಳು, ಬಾಡಿಗೆ ಏರಿಸಿರಿ, ನಾವು ಇರುತ್ತೇವೆ ಎಂದು.

"ನಾಕು ಬೆರಳ ಸಿಕ್ಕು" ಎಂದೆ.

"ಛಲೋ ಆತು" ಎಂದಳು, ರೊಟ್ಟಿ ತಿರುವುತ್ತ.

"ಸಾಹುಕಾರ್ರು ಕೊಡದಿದ್ದರ ಏನ್ ಮಾಡ್ತಿದ್ದಿ?"

"ಕೊಡದಿದ್ದರ ನೀವು ಹಿರೇವಡ್ಡಟ್ಟಿಗೆ ಹೋಗ್ತಿದ್ರಿ. ನಾನೂ ಮಗಳೂ ಇಲ್ಲೇ ಇರ್ತಿದ್ವಿ. ನಂದೇನು ಧಂದೆ ಇಲ್ಲೇನು?"

ಇದನ್ನು ಬರೆದ ಮೇಲೆ ನನಗೆ ಅನುಮಾನವಾಯಿತು. ಈ ಉತ್ತರ ತೀರಾ ಚೆನ್ನಾಗಿದೆ. ವರ್ಷಗಳು ಕಳೆದಂತೆ ನಾನೇ ಅವಳ ಬಾಯಲ್ಲಿ ಇಟ್ಟೆನೇ? ಎದ್ದು ಒಳಗೆ ಹೋಗಿ ಕೇಳಿದೆ. ಶಾಂತಾ ಒಲೆಯ ಮುಂದೆ ಕೂತಿದ್ದಳು.

"ಅವತ್ತ ಅಂದಿದ್ನೋ ಇಲ್ಲೋ ನೆನಪಿಲ್ಲ" ಎಂದಳು. "ಈಗ ಅನ್ನಾಕತ್ತೀನಿ, ಬರಕೋರಿ."